ಮಸ್ಕತ್ ಮರ

ಹೋದ ತಿಂಗಳು ಜಾವಗಲ್ಲಿನ ಸಂತೆ ಬೀದಿಯ ತಿರುವಿನಲ್ಲಿದ್ದ ಮೋಟಾರ್ ಅಂಗಡಿಯ ಬೋರ್ಡು ಕೆಳಗಿಳಿಯಿತು. ಇಳಿಸಿದವರು ಅದರ ಯಜಮಾನರೇ. ಸಣ್ಣ ತಂತಿ ಕಣ್ಣಿಗೆ ಎರಡೆರಡಾಗಿ ಕಾಣುತ್ತಿದೆ, ಇನ್ನು ಸಾಕು ಎಂದು ತಾವೇ ಏಣಿ ಹತ್ತಿ, ಮೊಳೆ ಕಿತ್ತು, ಬೋರ್ಡಿನ ಧೂಳು ಒರೆಸಿ ಒಳಗಿಟ್ಟರಂತೆ. ನನಗೆ ಸುದ್ದಿ ಮುಟ್ಟಿಸಿದ ಹಳೆಯ ವಿದ್ಯಾರ್ಥಿ, "ಅಳ್ತಾರೇನೋ ಅಂತ ನಾವೆಲ್ಲ ನಿಂತು ನೋಡ್ತಿದ್ವಿ ಸಾರ್. ಅವರು ನೋಡಿದ್ರೆ, ಬಾಯಿ ಬಿಟ್ಕಂಡು ಏನ್ ನೋಡ್ತೀರಿ, ಏಣಿ ಹಿಡ್ಕಳ್ರೋ ಅಂತ ನಮಗೇ ಬೈದ್ರು" ಅಂದ. ಅವರು ಹಾಗೆಯೇ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಜಾವಗಲ್ಲಿನಲ್ಲೇ ಅರ್ಧ ಜನಕ್ಕೆ ಅದು ಯಾರೆಂದು ತಿಳಿಯುವುದಿಲ್ಲ. ಆಚೆ ಹಳೇಬೀಡಿನವರೆಗೆ, ಈಚೆ ಅರಸೀಕೆರೆ ರಸ್ತೆಯ ಹಳ್ಳಿಗಳವರೆಗೆ ಅವರು 'ಮೋಟ್ರು ಮೇಸ್ತ್ರಿ'. ನಾನು ಅಣ್ಣ ಎನ್ನುತ್ತಿದ್ದೆ.

ನಾನು ಬೇಲೂರು ತಾಲ್ಲೂಕು ಗೆಂಡೆಹಳ್ಳಿ ಕಡೆಯವನು. ಅಪ್ಪ ಅಮ್ಮ ಇಬ್ಬರೂ ಅರೇಹಳ್ಳಿ ಕಡೆಯ ಕಾಫಿ ತೋಟಗಳಲ್ಲಿ ಕೂಲಿ ಮಾಡಿದವರು. ನಮ್ಮ ಕೇರಿಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಜಂಬ ಅಂದುಕೊಂಡರೂ ಚಿಂತೆಯಿಲ್ಲ, ಅವಕಾಶ ಸಿಕ್ಕಲ್ಲೆಲ್ಲ ಈ ಮಾತನ್ನು ಹೇಳುತ್ತೇನೆ. ಅದಕ್ಕಾಗಿ ನಮ್ಮ ಮನೆಯವರು ಬಿಟ್ಟುಕೊಟ್ಟದ್ದು ಸಣ್ಣದಲ್ಲ. ತೊಂಬತ್ತರ ದಶಕದಲ್ಲಿ ಜಾವಗಲ್ಲಿನ ಹೈಸ್ಕೂಲಿಗೆ ಇಂಗ್ಲಿಷ್ ಮೇಷ್ಟ್ರಾಗಿ ಬಂದೆ. ಕೈಯಲ್ಲಿ ಆರ್ಡರಿತ್ತು, ತಲೆ ಮೇಲೆ ಸೂರಿರಲಿಲ್ಲ. ಬಾಡಿಗೆ ಮನೆ ಕೇಳಿದ ಕಡೆಯೆಲ್ಲ ಮೊದಲು ಕಾಫಿ, ಆಮೇಲೆ 'ನೀವು ಯಾವ ಜನ' ಅನ್ನುವ ಪ್ರಶ್ನೆ, ಆಮೇಲೆ 'ನಮ್ಮ ಅಳಿಯ ಬರ್ತಾ ಇದ್ದಾನೆ, ಮನೆ ಖಾಲಿ ಇಲ್ಲ' ಅನ್ನುವ ಉತ್ತರ. ಮೂರು ದಿನ ಅಲೆದ ಮೇಲೆ ಸಂತೆ ಬೀದಿಯಲ್ಲಿ ಒಬ್ಬರು ಬನಿಯನ್ನಿನಲ್ಲಿ ಕೂತು ಸುಟ್ಟ ಮೋಟಾರಿನ ಹೊಟ್ಟೆಯಿಂದ ಕರಿ ತಂತಿ ಎಳೆಯುತ್ತಿದ್ದವರು, ತಲೆಯೆತ್ತದೆ, "ಯಾರ ಅಳಿಯ ಬಂದ ಇವತ್ತು?" ಎಂದು ಕೇಳಿದರು. ನಾನು ನಕ್ಕುಬಿಟ್ಟೆ. ಅಂಗಡಿ ಹಿಂದೆ ಒಂದು ರೂಮಿದೆ, ವಾರ್ನಿಷ್ ವಾಸನೆ ತಡೆಯುವುದಾದರೆ ಇರಬಹುದು ಎಂದರು. ನಾನೂ ಅವರೂ ಒಂದೇ ಜನ ಎಂದು ಆಮೇಲೆ ಗೊತ್ತಾಯಿತು. ಅವರ ಮನೆಯಲ್ಲಿ ದೇವರ ಗೂಡಿನ ಜಾಗದಲ್ಲಿ ಬುದ್ಧನ ಒಂದು ಪಟವಿತ್ತು.

ಪಂಪ್‌ಸೆಟ್ಟಿನ ಮೋಟಾರ್ ಸುಟ್ಟರೆ ಅದರ ಒಳಗಿನ ತಾಮ್ರದ ತಂತಿಯನ್ನೆಲ್ಲ ತೆಗೆದು, ಹೊಸ ತಂತಿ ಸುತ್ತಿ, ಗೂಡುಗೂಡಿಗೂ ತುಂಬಿ, ವಾರ್ನಿಷ್ ಕುಡಿಸಿ ಒಣಗಿಸಬೇಕು. ಅದು ಅವರ ಕೆಲಸ. ನಮ್ಮದು ತೆಂಗಿನ ಸೀಮೆ. ಬೇಸಗೆಯಲ್ಲಿ ಕರೆಂಟು ಬರುವುದೇ ಕೆಲವು ಗಂಟೆ, ಅದೂ ಸೊರಗಿದ ಕರೆಂಟು. ಗರಿ ಬಾಡುವುದನ್ನು ನೋಡಲಾರದೆ ಜನ ಸ್ಟಾರ್ಟರ್ ಒತ್ತಿಬಿಡುತ್ತಿದ್ದರು. ಆಗ ಸುಟ್ಟ ಮೋಟಾರುಗಳು ಸೈಕಲ್ ಕ್ಯಾರಿಯರಿನಲ್ಲಿ, ಎತ್ತಿನ ಗಾಡಿಯಲ್ಲಿ, ಬಸ್ಸಿನ ಟಾಪಿನಲ್ಲಿ ಅಂಗಡಿಗೆ ಬರುತ್ತಿದ್ದವು. "ಮೋಟ್ರು ತಾನಾಗಿ ಸುಡಾಕಿಲ್ಲ ಮೇಷ್ಟ್ರೆ, ಸುಡುಸ್ತಾರೆ" ಅನ್ನುವುದು ಅವರ ಗಾದೆ. ತಂದವರ ಮುಖದ ಮೇಲೇ ಅದನ್ನು ಹೇಳಿ, ಬೈದು, ಬೈಸಿಕೊಂಡವರಿಗೇ ಬೀಡಿ ಕೊಟ್ಟು ಕೂರಿಸುತ್ತಿದ್ದರು.

ವಿನಯ ಅವರ ಗುಣಗಳಲ್ಲಿ ಒಂದಲ್ಲ. ಒಳ್ಳೆಯ ಕೆಲಸ ಮಾಡಿದ ದಿನ ಬೀದಿಗೆಲ್ಲ ಕೇಳುವಂತೆ ತಮ್ಮನ್ನು ತಾವೇ ಹೊಗಳಿಕೊಳ್ಳುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು ಅವರ ಶೋಕಿ. ಬೆಳಿಗ್ಗೆ ಅದನ್ನು ತೊಟ್ಟು ಬರುವುದು, ಅಂಗಡಿಯ ಮೊಳೆಗೆ ತೂಗು ಹಾಕಿ ಬನಿಯನ್ನಿನಲ್ಲಿ ದುಡಿಯುವುದು, ಮೋಟಾರನ್ನು ತೋಟಕ್ಕೆ ಕೂರಿಸಲು ಹೋಗುವಾಗ ಮತ್ತೆ ಶರ್ಟು ತೊಡುವುದು. ಬಾವಿಯ ದಡದಲ್ಲಿ ಮತ್ತೆ ಬಿಚ್ಚಿ ಗಿಡಕ್ಕೆ ಹಾಕುವುದು. ಅಷ್ಟು ಬಿಚ್ಚುವ ಶರ್ಟಿಗೆ ಅಷ್ಟು ಇಸ್ತ್ರಿ ಯಾಕಣ್ಣ ಎಂದು ಕೇಳಿದ್ದೆ. ರಸ್ತೆಯಲ್ಲಿ ಹೋಗುವಾಗ ಜನ ನೋಡುವುದು ಶರ್ಟನ್ನೇ ತಾನೆ ಎಂದಿದ್ದರು.

ಇನ್ನೊಂದು ವಸ್ತು ಅವರ ಟೂಲ್ ಬ್ಯಾಗಿನಲ್ಲಿ ಇಕ್ಕಳ, ಸ್ಪಾನರುಗಳ ಜೊತೆ ಯಾವಾಗಲೂ ಇರುತ್ತಿತ್ತು: ಒಂದು ಸ್ಟೀಲಿನ ಲೋಟ. ತೋಟದ ಮನೆಗಳಲ್ಲಿ ಕೆಲಸ ಮುಗಿದ ಮೇಲೆ ಕಾಫಿ ಕೊಡುವುದು ವಾಡಿಕೆ. ಆ ಹೊತ್ತಿಗೆ ಮನೆಯ ಹೆಂಗಸರು ಅಡುಗೆಮನೆ ಬಾಗಿಲಲ್ಲಿ ಒಂದು ಕ್ಷಣ ತಡವರಿಸುತ್ತಾರೆ, ಇವರಿಗೆ ಯಾವ ಲೋಟ ಎಂದು. ಅಷ್ಟರಲ್ಲಿ ಇವರು ಜಗುಲಿಯ ಅಂಚಿನಲ್ಲಿ ಕೂತು ಬ್ಯಾಗಿನಿಂದ ತಮ್ಮ ಲೋಟ ತೆಗೆದು ಮುಂದೆ ಹಿಡಿದಾಗಿರುತ್ತಿತ್ತು. ನನಗೆ ಮೊದಲ ಸಲ ಅದನ್ನು ನೋಡಿ ರಕ್ತ ಕುದಿಯಿತು. ದಾರಿಯುದ್ದಕ್ಕೂ ಬೈದೆ. ಅವರು ಮೊಪೆಡ್ ಓಡಿಸುತ್ತಲೇ ಹೇಳಿದರು: "ಅವರು ಹುಡುಕಿ ಹುಡುಕಿ ಮೂಲೇಲಿರೋ ಲೋಟ ತರೋದನ್ನ ನಾನು ಯಾಕೆ ನೋಡ್ತಾ ಕೂರ್ಲಿ? ನನ್ನ ಲೋಟ ಅವರದ್ದಕ್ಕಿಂತ ಬೆಳ್ಳಗೈತೆ." ಅದೇ ಮನೆಯ ಬಾವಿಯ ನೀರಿಗೆ ಅವರು ಆಗಷ್ಟೇ ಸೊಂಟದವರೆಗೆ ಇಳಿದು ಬಂದಿದ್ದರು. ಮೋಟಾರ್ ನಿಂತಾಗ ಬಾವಿಗೆ ಇಳಿಸುವುದಕ್ಕೆ ಯಾರಿಗೂ ಅಡ್ಡಿಯಿರಲಿಲ್ಲ.

ಮಸ್ಕತ್ತಿನ ಮಾತು ಬಂದದ್ದು ಒಂದು ದೀಪಾವಳಿಯಲ್ಲಿ. ಅರಸೀಕೆರೆಯ ಒಂದು ವರ್ಕ್‌ಶಾಪಿನಲ್ಲಿ ಅವರ ಜೊತೆ ಕೆಲಸ ಕಲಿತ ಗೆಳೆಯನೊಬ್ಬ ಅಲ್ಲಿ ಪಂಪ್ ರಿಪೇರಿ ಮಾಡುವ ಕಂಪನಿಯೊಂದರಲ್ಲಿದ್ದ. ರಜೆಗೆ ಬಂದವನು ಅಂಗಡಿಗೆ ಬಂದು, ಅವರ ಕೈಕೆಲಸ ನೋಡಿ, ನಿನ್ನಂಥವನು ಇಲ್ಲಿ ಯಾಕೆ ಕೊಳೀತೀಯ, ನಮ್ಮ ಕಂಪನಿಗೆ ತಂತಿ ಸುತ್ತೋ ವೈಂಡರ್ ಬೇಕು, ವೀಸಾ ನಾನು ಕಳಿಸ್ತೀನಿ ಎಂದ. ಇಲ್ಲಿಯ ದುಡಿಮೆಗೂ ಅಲ್ಲಿಯ ಸಂಬಳಕ್ಕೂ ಹೋಲಿಕೆಯೇ ಇರಲಿಲ್ಲ. ಕೇರಿಯಲ್ಲಿದ್ದ ಅವರ ಹೆಂಚಿನ ಮನೆ ಮಳೆಗಾಲದಲ್ಲಿ ಏಳು ಕಡೆ ಸೋರುತ್ತಿತ್ತು. ಮಗಳು ಆಗ ನನ್ನ ಕ್ಲಾಸಿನಲ್ಲೇ ಓದುತ್ತಿದ್ದಳು, ಚುರುಕು ಹುಡುಗಿ. ಹೋಗಲೇಬೇಕು ಎಂದು ಅವರಿಗಿಂತ ಮೊದಲು ತೀರ್ಮಾನ ಮಾಡಿದವನು ನಾನು. ಊರು ಬಿಟ್ಟದ್ದರಿಂದಲೇ ಮನುಷ್ಯನಾದೆ ಎಂದು ನಂಬಿದವನು ನಾನು. ಪಾಸ್‌ಪೋರ್ಟಿಗೆ ಅರ್ಜಿ ನಾನೇ ತುಂಬಿದೆ. ಸಂಜೆ ಸಂಜೆ ಇಂಗ್ಲಿಷ್ ಪಾಠವನ್ನೂ ಶುರು ಮಾಡಿದೆ.

ಆ ಪಾಠದ ಕಥೆ ಹೇಳಲೇಬೇಕು. ನನ್ನ ಹೆಸರು ಇಂಥದ್ದು, ನನಗೆ ರಜೆ ಬೇಕು, ನನಗೆ ಹುಷಾರಿಲ್ಲ, ಇವನ್ನೆಲ್ಲ ಹೇಳಿಕೊಟ್ಟೆ. ಯಾವುದೂ ಹತ್ತಲಿಲ್ಲ. ಕೊನೆಗೆ ಅವರೇ ಕೇಳಿದರು, ಇದಕ್ಕೆ ಕನೆಕ್ಷನ್ ಕೊಟ್ಟವನು ಯಾರು ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನನ್ನಬೇಕು ಎಂದು. "ಹೂ ಕನೆಕ್ಟೆಡ್ ದಿಸ್" ಎಂದೆ. ಒಂದೇ ಸಲಕ್ಕೆ ಬಂತು. ಅಲ್ಲಿ ಹೋದ ಕೂಡಲೇ ಮೊದಲು ಕೇಳಬೇಕಾದದ್ದು ಅದೇ, ಮಿಕ್ಕದ್ದೆಲ್ಲ ಆಮೇಲೆ ಎಂದರು. ಅವತ್ತಿನಿಂದ ಅಂಗಡಿಗೆ ಮೋಟಾರ್ ಹೊತ್ತು ಬಂದವರಿಗೆಲ್ಲ ಅದೇ ಪ್ರಶ್ನೆ, ಅದೇ ಇಂಗ್ಲಿಷಿನಲ್ಲಿ. ಜನ ಕಂಗಾಲು.

ಸುದ್ದಿ ಒಂದು ಸಂತೆಯ ದಿನದಲ್ಲೇ ಸುತ್ತಲ ಹಳ್ಳಿಗಳಿಗೆ ಹಬ್ಬಿತು. ಆಮೇಲೆ ಶುರುವಾಯಿತು ಊಟ. ದೂರ ಹೊರಟವರನ್ನು ಕರೆದು ಉಣ್ಣಿಸಿ ಕಳಿಸುವುದು ನಮ್ಮ ಕಡೆಯ ಪದ್ಧತಿ. ಮಿಲಿಟರಿಗೆ ಹೋಗುವವನಿಗೆ, ಕಾಶಿಗೆ ಹೋಗುವವರಿಗೆ ಮಾಡುತ್ತಿದ್ದದ್ದನ್ನು ಜನ ಮಸ್ಕತ್ತಿಗೂ ಮಾಡಿದರು. ಹದಿನೈದು ವರ್ಷ ಯಾರ ಬಾವಿಗಳಿಗೆ ಇಳಿದಿದ್ದರೋ ಆ ಮನೆಗಳಿಂದ ಒಂದೊಂದಾಗಿ ಕರೆ ಬಂತು.

ಮೊದಲು ಕರೆದವರು ಜಾವಗಲ್ಲಿಗೆ ಹತ್ತಿರದ ಹಳ್ಳಿಯ ಒಬ್ಬ ಗೌಡರು. ಮೇಷ್ಟ್ರೂ ಬರಲಿ ಎಂದಿದ್ದರಿಂದ ನಾನೂ ಹೋದೆ. ಅಭ್ಯಾಸದಂತೆ ಅಣ್ಣ ಜಗುಲಿಯ ಅಂಚಿಗೆ ಕೂರಲು ಹೋದರು. ಗೌಡರ ತಾಯಿ, ಬಾಗಿದ ಬೆನ್ನಿನ ಮುದುಕಿ, ಒಳಗಿನಿಂದಲೇ, "ಅಲ್ಯಾಕಪ್ಪ ಕೂತ್ಕಂಡೆ, ಎಲೆ ಹಾಕಿರೋದು ನಡುಮನೇಲಿ" ಅಂದರು. ನಡುಮನೆಯಲ್ಲಿ ಗೌಡರು, ಅಣ್ಣ, ನಾನು ಒಂದೇ ಸಾಲಿನಲ್ಲಿ ಕೂತೆವು. ಮುದ್ದೆ, ಅವರೆಕಾಳು ಸಾರು, ಅನ್ನ, ಪಾಯಸ. ಮನೆಯ ಲೋಟದಲ್ಲಿ ನೀರು. ಅಣ್ಣ ಅವತ್ತು ಬಹಳ ಹೊತ್ತು ಉಂಡರು. ಕೈ ತೊಳೆದ ಮೇಲೆ ಗೌಡರು ಕೆಮ್ಮಿ, "ಹೆಂಗೂ ಬಂದಿದ್ದೀಯಲ್ಲ, ಬಾವಿ ತಾವ ಒಸಿ ಹೋಗಿ ಬರಾನ ನಡಿ. ಮೋಟ್ರು ಯಾಕೋ ಗೊರ್ ಅಂತೈತೆ" ಎಂದರು. ಬಿಳಿ ಶರ್ಟು ಮತ್ತೆ ಗಿಡಕ್ಕೆ ಹೋಯಿತು.

ಹೊರಡುವಾಗ ಮುದುಕಿ ರಾಶಿಯಿಂದ ಆರಿಸಿದ ತೆಂಗಿನಕಾಯಿಗಳನ್ನು ಚೀಲಕ್ಕೆ ತುಂಬಿಸಿ ಮೊಪೆಡ್ಡಿಗೆ ಕಟ್ಟಿಸಿದರು. "ನೀನು ಬರೋಗಂಟ ಮನೇಲಿ ಸಾರಿಗೆ ಕಾಯಿ ಬೇಕಲ್ಲ ಮಗ. ಸುಲಿಸಿಲ್ಲ. ಸಿಪ್ಪೇಲೇ ಇರ್ಲಿ, ಕೆಡಾಕಿಲ್ಲ."

ದಾರಿಯಲ್ಲಿ ಕೆರೆ ಏರಿಯ ಮೇಲೆ ಅಣ್ಣ ಗಾಡಿ ನಿಲ್ಲಿಸಿ ಬ್ಯಾಗಿನಿಂದ ಲೋಟ ತೆಗೆದು ತಿರುಗಿಸಿ ತಿರುಗಿಸಿ ನೋಡಿದರು. "ಇವತ್ತು ಇವನಿಗೆ ರಜ" ಎಂದು ಮತ್ತೆ ಒಳಗಿಟ್ಟರು.

ಆಮೇಲೆ ಅದೊಂದು ಸಂಪ್ರದಾಯವೇ ಆಯಿತು. ಒಬ್ಬರು ಕರೆದರೆಂದು ಇನ್ನೊಬ್ಬರು. ಎಲ್ಲ ಕಡೆಯೂ ಒಳಗೇ ಎಲೆ, ಊಟವಾದ ಮೇಲೆ ಒಂದು ಗೊರಗುಟ್ಟುವ ಮೋಟಾರು, ಹೊರಡುವಾಗ ಸುಲಿಯದ ಕಾಯಿ. ಎಲ್ಲಕ್ಕಿಂತ ಜೋರಾದ ಊಟ ಹಾಕಿಸಿದವರು ಆ ಸುತ್ತಿನಲ್ಲೇ ದೊಡ್ಡ ತೋಟದ ಯಜಮಾನರು. ಹೋಳಿಗೆ, ಹೆಗಲಿಗೆ ಟವೆಲ್ಲು, ಎಲ್ಲರಿಗಿಂತ ಹೆಚ್ಚು ಕಾಯಿ. ಪಾಸ್‌ಪೋರ್ಟು ತಡವಾಯಿತು, ವೀಸಾ ಇನ್ನೂ ತಡವಾಯಿತು, ಊಟಗಳು ನಿಲ್ಲಲಿಲ್ಲ. ಕಾಯಿಗಳೆಲ್ಲ ಕೊಟ್ಟ ಚೀಲದಲ್ಲೇ ಅಂಗಡಿಯ ಹಿಂದೆ, ನನ್ನ ರೂಮಿನ ಬಾಗಿಲ ಪಕ್ಕ, ಮೋಟಾರ್ ತೊಳೆದ ನೀರು ಹರಿಯುವ ಮೂಲೆಯಲ್ಲಿ ಬಿದ್ದವು. ಮನೆಗೆ ಒಯ್ಯೋಣ ಎಂದರೆ, ಹೊರಡುವ ದಿನ ಒಟ್ಟಿಗೆ ಸಾಗಿಸಿದರಾಯಿತು ಎನ್ನುತ್ತಿದ್ದರು.

ಆ ನಡುವೆ ಗೆಳೆಯ ಫೋನು ಮಾಡುತ್ತಿದ್ದ. ಎಸ್‌ಟಿಡಿ ಬೂತಿಗೆ ಒಂದು ಸಲ ಅವರ ಜೊತೆ ನಾನೂ ಹೋಗಿದ್ದೆ. ಮಾತು ಮುಗಿಸಿ ಹೊರಗೆ ಬಂದವರ ಮುಖ ಸಪ್ಪಗಿತ್ತು. ಕೆಲಸ ಹೇಗಿರುತ್ತದೆ ಎಂದು ಕೇಳಿದರಂತೆ. ಅವನು, ಆರಾಮ ಕಣೋ, ಊರಿನ ಥರ ಕೂತು ತಂತಿ ಸುತ್ತೋ ರಗಳೆ ಇಲ್ಲ, ಸುಟ್ಟದ್ದನ್ನ ಬಿಚ್ಚಿ ಎಸೆಯೋದು, ಡಬ್ಬದಿಂದ ಹೊಸದು ತೆಗೆದು ಕೂರಿಸೋದು, ಆಯ್ತು ಎಂದನಂತೆ. ಅದನ್ನು ಅವನು ಆಸೆ ಹುಟ್ಟಿಸಲೆಂದೇ ಹೇಳಿದ್ದ. ಅಣ್ಣ ಟೀ ಅಂಗಡಿಯಲ್ಲಿ ಎರಡು ಟೀ ಹೇಳಿ, "ಎಸೆಯಾಕೆ ನಾನ್ಯಾಕೆ ಬೇಕು ಮೇಷ್ಟ್ರೆ?" ಎಂದರು.

ವೀಸಾ ಬಂದದ್ದು ಯುಗಾದಿ ಕಳೆದ ಮೇಲೆ. ಆ ಸಂಜೆ ಅಂಗಡಿಯ ಬೆಂಚಿನ ಮೇಲೆ ನಾವಿಬ್ಬರೇ ಕೂತಿದ್ದೆವು. ಯಾವಾಗ ಹೊರಡೋದು ಎಂದೆ. ಅವರು ಒಂದು ತಂತಿಯ ತುಣುಕನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದರು. ಆಮೇಲೆ ಹೇಳಿದ ಮಾತನ್ನು ಅವರು ಹೇಳಿದಂತೆಯೇ ಬರೆಯುತ್ತೇನೆ.

"ಹದಿನೈದು ವರ್ಷ ಇವರ ಬಾವಿಗೆ ಇಳಿದೆ. ಒಂದಿನ ಒಳಿಕ್ಕೆ ಬಾ ಅನ್ಲಿಲ್ಲ. ಹೋಯ್ತೀನಿ ಅಂದೇಟಿಗೆ ನಡುಮನೇಲಿ ಎಲೆ ಹಾಕುದ್ರು. ಈಗ ನಂಗೊಂದು ತಿಳೀಬೇಕು. ಅವರು ಬಡಿಸಿದ್ದು ನಂಗಾ, ಮಸ್ಕತ್ತಿಗಾ? ಹೋಗ್ಬುಟ್ರೆ ಅದು ನಂಗೆ ಗೊತ್ತಾಗಾಕಿಲ್ಲ."

ನಾನು ವಾದ ಮಾಡಿದೆ. ಗೊತ್ತಾಗಿ ಏನಾಗಬೇಕು, ಸೋರುವ ಮನೆ ಸೋರುವುದು ನಿಲ್ಲುತ್ತದೆಯೇ, ಹೋಗಿ ಬಂದರೆ ಇದೇ ಜನ ತಾವಾಗಿ ಕುರ್ಚಿ ಎಳೆದು ಹಾಕುತ್ತಾರೆ, ನಮ್ಮಂಥವರಿಗೆ ದೂರ ಹೋದಷ್ಟೂ ಒಳ್ಳೆಯದು, ನಾನು ಗೆಂಡೆಹಳ್ಳಿ ಬಿಡದಿದ್ದರೆ ಮೇಷ್ಟ್ರಾಗುತ್ತಿದ್ದೆನೇ ಎಂದೆಲ್ಲ. ಅವರು ಎಲ್ಲವನ್ನೂ ಕೇಳಿಸಿಕೊಂಡರು. ನೀವು ಓದಲು ಊರು ಬಿಟ್ಟಿರಿ, ಓದಿಕೊಂಡು ಬಂದು ಬಸ್ಸಿಗೆ ಎರಡು ಗಂಟೆ ದೂರದಲ್ಲಿ ಪಾಠ ಹೇಳುತ್ತಿದ್ದೀರಿ, ನೀವ್ಯಾಕೆ ಮಸ್ಕತ್ತಿಗೆ ಹೋಗಲಿಲ್ಲ ಎಂದು ಕೇಳಿದರು. ನನ್ನನ್ನು ಯಾರೂ ಕರೆಯಲಿಲ್ಲ ಎಂದೆ. ಇಬ್ಬರೂ ನಕ್ಕೆವು. ವಾದ ಮಾತ್ರ ಅಲ್ಲಿಗೇ ಉಳಿಯಿತು.

ಅವರ ಹೆಂಡತಿ ನನಗೆ ಅಕ್ಕನಂತಿದ್ದವರು. ಸೂರಿನ ಆಸೆ ಅವರಿಗೇ ಹೆಚ್ಚು. ಗಂಡನ ಓಲಾಟ ನೋಡಿ ನೋಡಿ ಸಾಕಾಗಿ ಒಂದು ದಿನ ನನ್ನೆದುರಿಗೇ ಹೇಳಿದರು: "ಹೋಗಂಗಿದ್ರೆ ಹೋಗು, ಇರಂಗಿದ್ರೆ ಇರು. ನಾಳೀಕೆ ಹೆಂಡ್ರು ಬಿಡ್ಲಿಲ್ಲ ಅದ್ಕೆ ಹೋಗ್ಲಿಲ್ಲ ಅಂತ ಮಾತ್ರ ಯಾರ ಮುಂದೂ ಅನ್ಬ್ಯಾಡ. ನಾನು ಬಟ್ಟೆ ಗಂಟು ಕಟ್ಟಿ ಇಟ್ಟೀನಿ, ನಿನ್ ಕಣ್ಣೆದುರ್ಗೇ ಐತೆ." ಅಣ್ಣ ಆ ಗಂಟನ್ನು ನೋಡಿದರು. ಹೋಗುವುದಿಲ್ಲ, ಅದನ್ನು ಯಾರ ಮೇಲೂ ಹಾಕುವುದೂ ಇಲ್ಲ ಎಂದರು. ಅಕ್ಕ ಗಂಟು ಬಿಚ್ಚಿ ಶರ್ಟುಗಳನ್ನು ಒಂದೊಂದಾಗಿ ಹಗ್ಗಕ್ಕೆ ಹಾಕಿದರು. ಅವರಿಗೆ ಬೇಸರವಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಎರಡು ದಿನ ಗಂಡನ ಹತ್ತಿರ ಮಾತು ಬಿಟ್ಟಿದ್ದರು.

ಊರು ಬಿಡುತ್ತದೆಯೇ? ಟೀ ಅಂಗಡಿಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಒಂದೇ ಮಾತು. "ಏನ್ಲಾ ಮೇಸ್ತ್ರಿ, ಮಸ್ಕತ್ ಊಟ ಉಂಡು ಜಾವಗಲ್ಲಲ್ಲೇ ಅರಗಿಸ್ಕಂಡ್ಯಾ?" ಅವರು ಕೋಪ ಮಾಡಿಕೊಳ್ಳಲಿಲ್ಲ. ಉಂಡದ್ದನ್ನು ತೀರಿಸುತ್ತೇನೆ, ವೈಶಾಖದ ಹುಣ್ಣಿಮೆ ದಿನ ನಮ್ಮ ಮನೆಯಲ್ಲಿ ಊಟ, ನೀವೂ ಬನ್ನಿ ಎಂದು ಕೇಳಿದವರಿಗೆಲ್ಲ ಹೇಳಿದರು. ಬಾಯಿಮಾತಿಗೆ ಬಿಡಲಿಲ್ಲ. ಯಾರು ಯಾರು ಉಣಿಸಿದ್ದರೋ ಅವರ ಮನೆಗಳಿಗೆ ಬಿಳಿ ಶರ್ಟು ತೊಟ್ಟು, ಹೆಂಡತಿಯನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು, ಟೂಲ್ ಬ್ಯಾಗು ಬಿಟ್ಟು ಹೋಗಿ ಕರೆದು ಬಂದರು. ಎಲ್ಲರೂ 'ಆಯ್ತು, ನೋಡಾನ' ಅಂದಿದ್ದರು. ನಮ್ಮ ಕಡೆ ಆ ಮಾತಿಗೆ ಬರುತ್ತೇನೆ ಅಂತಲೂ ಅರ್ಥವಿಲ್ಲ, ಬರುವುದಿಲ್ಲ ಅಂತಲೂ ಇಲ್ಲ.

ಊಟಕ್ಕೆ ಕಾಯಿ ಬೇಕಲ್ಲ ಎಂದು ಅಂಗಡಿ ಹಿಂದಿನ ರಾಶಿಗೆ ಕೈ ಹಾಕಿದಾಗ ಗೊತ್ತಾಯಿತು, ಅವು ಸಾರಿನ ಕಾಯಿಗಳಾಗಿ ಉಳಿದಿರಲಿಲ್ಲ. ಆರು ತಿಂಗಳು ನೀರು ಹರಿಯುವ ಮೂಲೆಯಲ್ಲಿ ಬಿದ್ದು ಮೊಳಕೆ ಒಡೆದಿದ್ದವು. ಮೇಲಿದ್ದವು ಒಣಗಿದ್ದವು, ಕೆಳಗಿನವುಗಳ ಹಸಿರು ಗರಿ ಚೀಲದ ಸಂದಿಯಿಂದ ಹೊರಗೆ ಬಂದಿತ್ತು. ತೆಂಗಿನ ಸೀಮೆಯಲ್ಲಿದ್ದು ಇಷ್ಟೂ ತಿಳಿಯಲಿಲ್ಲವೇ ಎಂದು ಅಕ್ಕ ಇಬ್ಬರಿಗೂ ಸೇರಿಸಿ ಬೈದರು. ನಾನು ದಿನಾ ಅವನ್ನು ದಾಟಿಯೇ ಸ್ಕೂಲಿಗೆ ಹೋಗುತ್ತಿದ್ದೆ. ಅಣ್ಣ ಒಂದೊಂದನ್ನೂ ಎತ್ತಿ ಮಣ್ಣು ಒರೆಸಿ ಸಾಲಾಗಿ ಜೋಡಿಸಿದರು. ಯಾವುದು ಯಾರ ಮನೆಯದು ಎಂದು ತಿಳಿಯುವುದು ಕಷ್ಟವಿರಲಿಲ್ಲ. ಒಬ್ಬೊಬ್ಬರ ಚೀಲದಲ್ಲೇ ಅವರವರ ಕಾಯಿ ಬಿದ್ದಿತ್ತು, ಚೀಲದ ಮೇಲೆ ತೋಟದ ಗುರುತಿತ್ತು. ಕೊನೆಗೆ ಅಡುಗೆಗೆ ಸಂತೆಯಿಂದ ಕಾಯಿ ಕೊಂಡು ತಂದೆವು.

ಹುಣ್ಣಿಮೆಯ ದಿನ ಬೆಳಗಿನಿಂದ ಕೇರಿಯ ಹೆಂಗಸರೆಲ್ಲ ಅಕ್ಕನ ಜೊತೆ ನಿಂತರು. ಒಬ್ಬಟ್ಟು, ಕೋಸಂಬರಿ, ಪಲ್ಯ, ಒಬ್ಬಟ್ಟಿನ ಸಾರು. ಮನೆ ಮುಂದೆ ಚಪ್ಪರ, ಗೋಡೆಯುದ್ದಕ್ಕೆ ಸಸಿಗಳ ಸಾಲು, ಒಳಗೆ ಪಟದ ಮುಂದೆ ದೀಪ. ಕೇರಿಯವರು, ನಮ್ಮ ಸ್ಕೂಲಿನ ಇಬ್ಬರು ಮೇಷ್ಟ್ರುಗಳು ಬಂದರು. ಕರೆದ ಮನೆಗಳಿಂದ ಯಾರೂ ಇಲ್ಲ. ಬಿಸಿಲು ನೆತ್ತಿಗೆ ಬಂತು. ಮೊದಲ ಪಂಕ್ತಿ ಹಾಕಿಬಿಡೋಣ ಎಂದು ಯಾರೋ ಅಂದರು. ಒಸಿ ತಡೀರಿ ಎಂದರು ಅಣ್ಣ. ಕೇರಿಗೆ ಬರುವ ದಾರಿ ಕಾಣುವಂತೆ ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದರು. ಆ ಶರ್ಟಿನ ಬೆನ್ನು ಬೆವರಿಗೆ ಅಂಟಿಕೊಂಡಿದ್ದು ಈಗಲೂ ನನ್ನ ಕಣ್ಣಿನಲ್ಲಿದೆ. ಹೋಗಿಬಿಟ್ಟಿದ್ದರೆ ಈ ಹೊತ್ತಿಗೆ ಮಸ್ಕತ್ತಿನಲ್ಲಿ ಇರುತ್ತಿದ್ದರಲ್ಲ, ಈ ದಾರಿ ಕಾಯುವ ಕರ್ಮ ಇರುತ್ತಿರಲಿಲ್ಲವಲ್ಲ ಎಂದು ನಾನು ಒಳಗೊಳಗೇ ಅಂದುಕೊಳ್ಳುತ್ತಿದ್ದೆ.

ಆಗ ಒಂದು ಟ್ರಾಕ್ಟರಿನ ಸದ್ದು. ಗೌಡರು. ಟ್ರೈಲರಿನಲ್ಲಿ ಗೋಣಿಚೀಲದ ಮೇಲೆ ಒಂದು ಮೋಟಾರು, ಅದರ ಪಕ್ಕ ಅವರ ತಾಯಿ. ಗೌಡರು ಇಳಿದು ಚಪ್ಪರದ ಕಡೆ ನೋಡದೆ, ದಾರಿಯ ಜನಕ್ಕೂ ಕೇಳಲಿ ಎಂಬಂತೆ, ಮೋಟ್ರು ಕೆಟ್ಟೈತೆ, ಅಂಗಡಿ ಬಾಗ್ಲು ಹಾಕಿತ್ತು, ಅದ್ಕೆ ಮನೆ ತಾವ್ಲೇ ತಂದೆ ಎಂದರು. ಅಣ್ಣ ಶರ್ಟಿನ ತೋಳು ಮೇಲೆ ಮಾಡಿ ಮೋಟಾರಿನ ಶಾಫ್ಟ್ ತಿರುಗಿಸಿದರು, ತಂತಿಯ ತುದಿಗಳನ್ನು ನೋಡಿದರು, ಮೂಸಿದರು. ಸುಟ್ಟ ವಾಸನೆ ಇಲ್ಲವೇ ಇಲ್ಲ. ಬಹಳ ಗಂಭೀರವಾಗಿ, "ಹೂ ಕನೆಕ್ಟೆಡ್ ದಿಸ್?" ಎಂದು ಕೇಳಿದರು.

"ಅದೇನ್ ಅಂದ್ಯೋ?"

"ಇದ್ರಲ್ಲಿ ಏನೂ ಕೆಟ್ಟಿಲ್ಲ ಗೌಡ್ರೆ."

ಗೌಡರು ಒಮ್ಮೆ ಹಿಂದೆ ನೋಡಿದರು, ಒಮ್ಮೆ ಮೋಟಾರನ್ನು ನೋಡಿದರು. "ಹಂಗಾದ್ರೆ ಎಲೆ ಹಾಕ್ಸು" ಎಂದರು.

ಅವರ ತಾಯಿಗೆ ಆ ನಾಟಕವೆಲ್ಲ ಬೇಕಿರಲಿಲ್ಲ. ಆಗಲೇ ಒಳಗೆ ಹೋಗಿ, ಕೋಸಂಬರಿಗೆ ಉಪ್ಪು ಸಾಲದು ಎಂದು ಅಕ್ಕನಿಗೆ ಹೇಳುತ್ತಿದ್ದರು.

ಗೌಡರ ಟ್ರಾಕ್ಟರ್ ಕೇರಿಯಲ್ಲಿ ನಿಂತದ್ದು ರಸ್ತೆಗೆ ಕಾಣಿಸಿತೋ ಏನೋ, ಆಮೇಲೆ ಒಬ್ಬೊಬ್ಬರೇ ಬಂದರು. ಸೈಕಲ್ಲಿನಲ್ಲಿ, ಗಾಡಿಯಲ್ಲಿ, ನಡೆದುಕೊಂಡು. ಬಂದವರಲ್ಲಿ ಬಹಳ ಜನರ ಕೈಯಲ್ಲಿ ಏನಾದರೊಂದು ಇತ್ತು: ಸ್ಟಾರ್ಟರ್ ಬಾಕ್ಸು, ಬೇರಿಂಗು, ಫ್ಯಾನಿನ ಮೋಟಾರು, ಒಬ್ಬರ ಕೈಯಲ್ಲಿ ಬರೀ ಒಂದು ಫ್ಯೂಸು. ಬರಲು ಒಂದು ನೆಪ ಬೇಕಿತ್ತು, ತಂದಿದ್ದರು. ಅಣ್ಣ ಪ್ರತಿಯೊಂದನ್ನೂ ತಿರುಗಿಸಿ, ಮೂಸಿ, ಇಂಗ್ಲಿಷಿನಲ್ಲಿ ವಿಚಾರಣೆ ಮಾಡಿ, ಏನೂ ಆಗಿಲ್ಲ ಎಂದು ತೀರ್ಪು ಕೊಟ್ಟು ಒಳಗೆ ಕಳಿಸಿದರು. ನಾನು ಬಡಿಸಲು ನಿಂತೆ. ಕೆಲವರು ಎರಡೇ ತುತ್ತು ಉಂಡು ಎದ್ದರು, ಅದೂ ನಿಜ. ಗೌಡರು ಮೂರು ಒಬ್ಬಟ್ಟು ಉಂಡರು, ಅದೂ ನಿಜ. ಉಂಡವರು ಹೊರಡುವಾಗ ಅಣ್ಣ ಅವರವರ ಮನೆಯ ಕಾಯಿಯಲ್ಲಿ ಮೊಳೆತ ಸಸಿಯನ್ನು ಅವರವರ ಕೈಗೆ ಕೊಟ್ಟರು. ಹೊತ್ತು ತಂದಿದ್ದ ಮೋಟಾರುಗಳ ಪಕ್ಕದಲ್ಲಿ ಸಸಿಗಳೂ ಗಾಡಿ ಹತ್ತಿ ಹೋದವು.

ಈಗ ಅವು ಮರ. ಅರಸೀಕೆರೆಯಿಂದ ಜಾವಗಲ್ಲಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದಲೇ ಕೆಲವನ್ನು ತೋರಿಸಬಲ್ಲೆ. ಆ ತೋಟಗಳವರು ಅವನ್ನು 'ಮಸ್ಕತ್ ಮರ' ಅನ್ನುತ್ತಾರೆ. ಏನೋ ಪರದೇಶದ ತಳಿ ಎಂದು ಹೊಸಬರು ನಂಬಿದ್ದಾರೆ. ಕಾಯಿಯ ಗಾತ್ರ, ರುಚಿ ಎಲ್ಲ ನಮ್ಮ ಊರಿನದೇ. ಯಾವ ತೋಟದಲ್ಲಿ ಆ ಮರ ಇದೆಯೋ ಅವರು ಅಣ್ಣನ ಮನೆಯಲ್ಲಿ ಉಂಡವರು. ನನಗೆ ಆ ರಸ್ತೆ ಹೀಗೆ ನೆನಪಿದೆ.

ಬಾರದೆ ಉಳಿದ ಮನೆಗಳೂ ಇದ್ದವು. ಅದರಲ್ಲಿ ಹೋಳಿಗೆ ಹಾಕಿಸಿದ ದೊಡ್ಡ ತೋಟದ ಯಜಮಾನರದೂ ಒಂದು. ಅವರ ಸಸಿಗಳಲ್ಲಿ ಚೆನ್ನಾಗಿದ್ದ ಒಂದನ್ನು ಅಣ್ಣ ಬಹಳ ದಿನ ನೀರು ಹಾಕಿ ಇಟ್ಟುಕೊಂಡಿದ್ದರು. ನನಗೆ ಅರಸೀಕೆರೆಗೆ ವರ್ಗವಾಗಿ, ಅಲ್ಲಿ ಸಣ್ಣದೊಂದು ಮನೆ ಆದಾಗ, ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು ನನ್ನ ಕಾಂಪೌಂಡಿನಲ್ಲಿ ತಾವೇ ನೆಟ್ಟರು. ಇದು ನಿಮ್ಮದಲ್ಲ ಮೇಷ್ಟ್ರೆ, ಯಜಮಾನರದು, ಅವರು ಕೇಳಿದ ದಿನ ಹೇಳುತ್ತೇನೆ ಎಂದರು. ಮರವಾದ ಮೇಲೆ ಕೇಳಿದರೆ ಹೇಗೆ ಕೊಡುವುದು ಎಂದೆ. ಮರ ಕೊಡಲಾಗದಿದ್ದರೆ ಅದರ ಕಾಯಿ ಇರುತ್ತದಲ್ಲ ಎಂದರು.

ಹೋಗಬೇಕಿತ್ತು ಎಂದು ನಾನು ಇವತ್ತಿಗೂ ಹೇಳುತ್ತೇನೆ. ಮನೆಗೆ ತಾರಸಿ ಬಂದದ್ದು ಎಂಟು ವರ್ಷ ತಡವಾಗಿ. ಅಷ್ಟೂ ಮಳೆಗಾಲ ಅಕ್ಕ ಪಾತ್ರೆ ಇಟ್ಟು ನೀರು ಹಿಡಿದರು. ಅಣ್ಣ ಇಲ್ಲ ಅನ್ನುವುದಿಲ್ಲ. "ಹೋಗ್ಬೋದಿತ್ತು" ಅನ್ನುತ್ತಾರೆ, ಪಕ್ಕದ ಬೀದಿಗೆ ಹೋಗಬಹುದಿತ್ತು ಅನ್ನುವ ಹಾಗೆ. ಮಗಳು ಬಿ.ಎ. ಮುಗಿಸಿದಳು. ಅವರ ಮನೆಯಲ್ಲಿ ಮೊದಲ ಡಿಗ್ರಿ. ಅವತ್ತು ಅವರು ಬೀದಿಯಲ್ಲಿ ಹೊಗಳಿಕೊಂಡದ್ದನ್ನು ಕೇಳಬೇಕಿತ್ತು, ನಾನೂ ದನಿಗೂಡಿಸಿದೆ.

ಬೋರ್ಡು ಇಳಿದ ಸುದ್ದಿ ಕೇಳಿ ಹೋದ ಭಾನುವಾರ ಜಾವಗಲ್ಲಿಗೆ ಹೋದೆ. ನನ್ನ ಕಾಂಪೌಂಡಿನ ಮರದ ಕಾಯಿ ಚೀಲದಲ್ಲಿ ಒಯ್ದಿದ್ದೆ, ಸುಲಿಸಿರಲಿಲ್ಲ. ಅಣ್ಣ ಮನೆಯ ಮುಂದೆ ಕೂತಿದ್ದರು, ಬಿಳಿ ಶರ್ಟಿನಲ್ಲಿ. ಈಗ ಅದನ್ನು ಬಿಚ್ಚುವ ಕೆಲಸವಿಲ್ಲ, ಇಡೀ ದಿನ ತೊಟ್ಟುಕೊಂಡೇ ಇರಬಹುದು ಎಂದು ಖುಷಿಯಲ್ಲಿದ್ದರು. ಚೀಲದಿಂದ ಒಂದು ಕಾಯಿ ಆರಿಸಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಎದ್ದು ಹೋಗಿ ಬಚ್ಚಲ ನೀರು ಹರಿಯುವ ಮೂಲೆಯಲ್ಲಿ ಇಟ್ಟರು.

ಯಾರಿಗಣ್ಣ ಎಂದು ಕೇಳಿದೆ.

"ದೊಡ್ಡ ತೋಟದ ಯಜಮಾನರ ಮನೆಗೆ. ಅವರು ತೀರ್ಕಂಡ್ಮೇಲೆ ಮಗ ತೋಟ ನೋಡ್ಕಂತವ್ನೆ. ಅಂಗಡಿ ಮುಚ್ಚಿದ್ದು ಕೇಳಿ ಮೊನ್ನೆ ಇಲ್ಲಿಗಂಟ ಬಂದಿದ್ದ."

"ಉಂಡನೇ?"

"ಕಾಪಿ ಕುಡ್ದ. ಬ್ಯಾಗಿನ ಲೋಟ ಈಗ ಮನೇಲೇ ಐತಲ್ಲ, ಅದ್ರಲ್ಲೇ ಕೊಟ್ಲು ನಿಮ್ಮಕ್ಕ. ಪೂರ್ತಿ ಕುಡ್ದ. ಊಟಕ್ಕೆ ಇನ್ನೊಂದಿನ ಬತ್ತೀನಿ ಅಂದವ್ನೆ."

ಅವರು ಚೆಂಬಿನಲ್ಲಿ ನೀರು ತಂದು ಕಾಯಿಯ ಮೇಲೆ ಸುರಿದರು.

"ಬರ್ಲಿ ನಿಧಾನಕ್ಕೆ. ಇದೂ ಮೊಳೀಬೇಕಲ್ಲ."